ಒಳಲೆ ಮತ್ತು ಸೀಸೆ

ಚೆನ್ನೈನ ಉತ್ತರದ ಅಂಚಿನಲ್ಲಿ, ಕೊಸಸ್ತಲೆಯಾರು ಕಡಲನ್ನು ಕೂಡುವೆಡೆ, ಎಣ್ಣೂರು ಇದೆ. ಅಲ್ಲಿನ ಹಿನ್ನೀರಿಗಿಳಿದು ಹೆಂಗಸರು ಕೆಸರಿನಲ್ಲಿ ಕೈಯಾಡಿಸಿ ಸಿಗಡಿ ಹಿಡಿಯುತ್ತಾರೆ. ಇನ್ನು ಕೆಲವರು ಬುಟ್ಟಿ ಹೊತ್ತು ಮೀನು ಮಾರಲು ಹೋಗುತ್ತಾರೆ. ಹೀಗೆ ದುಡಿಯುವವಳು ಹಾಲೂಡಿಸುವ ತಾಯಿಯಾಗಿದ್ದರೆ, ಕೂಸು ಹಲವು ತಾಸು ಅವಳಿಂದ ದೂರವೇ ಇರಬೇಕು. ತಾಯಿ ಒಂದೆಡೆ, ಕೂಸು ಇನ್ನೊಂದೆಡೆ ಇರುವಾಗ ಎದೆಹಾಲು ಆ ದೂರವನ್ನು ದಾಟುವುದು ಹೇಗೆ? ಹಾಲನ್ನು ಹಿಂಡಿಟ್ಟು ಸೀಸೆಯಲ್ಲಿ ಕುಡಿಸುವುದು ಕಚೇರಿಗೆ ಹೋಗುವ ಹೆಂಗಸರ ಈಚಿನ ಅನುಕೂಲವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಈ ಪ್ರಶ್ನೆ ಹಳೆಯದು, ಮತ್ತು ಅದರ ಚರಿತ್ರೆಯಲ್ಲಿ ಹಾಲಿನಷ್ಟೇ ಪಾತ್ರೆಗೂ ಸ್ಥಾನವಿದೆ.

ಹಿಂಡುವ ಕ್ರಿಯೆಯಂತೂ ಹೊಸದಲ್ಲ. ಮೊಲೆಯೂಡಿಸುವ ಮುನ್ನ ಎದೆಯನ್ನು ತೊಳೆದು ತುಸು ಹಾಲನ್ನು ಹಿಂಡಿ ತೆಗೆಯಬೇಕೆಂದು ಸುಶ್ರುತಸಂಹಿತೆಯ ಶಾರೀರಸ್ಥಾನ ವಿಧಿಸುತ್ತದೆ. ಕೂಸಿಗೆ ಕುಡಿಸಲು ನಮ್ಮ ಮನೆಗಳಲ್ಲಿ ಒಳಲೆಯಿತ್ತು: ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, ಮುಂದಕ್ಕೆ ಕೊಕ್ಕಿನಂತೆ ಚಾಚಿದ ಮೂತಿಯುಳ್ಳ ಬಟ್ಟಲು. ತಮಿಳರು ಅದನ್ನು ಪಾಲಾಡೈ ಎನ್ನುತ್ತಾರೆ. ಶಂಖದಾಕಾರದ್ದು ಅವರಿಗೆ ಸಂಗು. ಕೂಸಿನ ತಲೆಯನ್ನು ತುಸು ಎತ್ತರಿಸಿ ಹಿಡಿದು, ಮೂತಿಯನ್ನು ತುಟಿಯಂಚಿಗೆ ತಾಗಿಸಿ, ಸ್ವಲ್ಪ ಸ್ವಲ್ಪವೇ ಬಾಗಿಸಬೇಕು. ಅವಸರಪಟ್ಟರೆ ಹಾಲು ನೆತ್ತಿಗೇರುತ್ತದೆ. ಅಜ್ಜಿಯರು ಇದೇ ಒಳಲೆಯಲ್ಲಿ ಹಸುವಿನ ಹಾಲನ್ನೂ ಔಷಧಿಗಳನ್ನೂ ಧಾರಾಳವಾಗಿ ಕುಡಿಸಿದ್ದುಂಟು. ಹಳೆಯದೆಲ್ಲ ಹಿತವೆಂಬುದು ನಮ್ಮ ವಾದವಲ್ಲ. ಆದರೂ ಅದಕ್ಕೊಂದು ಗುಣವಿದೆ. ಅದರ ಒಳಮೈಯೆಲ್ಲ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಎಟುಕುತ್ತದೆ, ಕುದಿನೀರಿನಲ್ಲಿ ಸುಲಭವಾಗಿ ಮುಳುಗುತ್ತದೆ.

ಸೀಸೆಯ ಚರಿತ್ರೆ ಇಷ್ಟು ನಿರಾತಂಕವಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಪ್ರಚಾರಕ್ಕೆ ಬಂದ ಉದ್ದ ರಬ್ಬರ್ ಕೊಳವೆಯ ಸೀಸೆಯನ್ನು ಸರಿಯಾಗಿ ತೊಳೆಯಲು ಬರುತ್ತಲೇ ಇರಲಿಲ್ಲ. ಫ್ರಾನ್ಸ್ 1910ರಲ್ಲಿ ಅದನ್ನು ನಿಷೇಧಿಸಿತು. 1939ರಲ್ಲಿ ಸಿಂಗಪುರದಲ್ಲಿ ಡಾ. ಸಿಸಿಲಿ ವಿಲಿಯಮ್ಸ್ ‘ಹಾಲು ಮತ್ತು ಕೊಲೆ’ ಎಂಬ ಹೆಸರಿನ ಭಾಷಣ ಮಾಡಿ, ಡಬ್ಬಿಯ ಗಟ್ಟಿಹಾಲಿನ ಪ್ರಚಾರವನ್ನು ಖಂಡಿಸಿದರು. ಭಾರತದ 1992ರ ಕಾಯಿದೆ ಬದಲಿ ಹಾಲಿನ ಜಾಹೀರಾತಿನೊಡನೆ ಹಾಲೂಡಿಸುವ ಸೀಸೆಯ ಜಾಹೀರಾತನ್ನೂ ತಡೆಯಿತು. ಸೀಸೆಯೊಳಗೆ ಇರುವುದು ಪುಡಿಯ ಹಾಲೋ ತಾಯಿಯದೇ ಹಾಲೋ ಎಂದು ಈ ನಿಷೇಧ ಕೇಳುವುದಿಲ್ಲ. ಇದು ಕಠೋರವೆಂದು ತೋರಬಹುದು. ಆದರೆ ರಬ್ಬರ್ ತೊಟ್ಟಿನಲ್ಲಿ ಉಳಿದ ಹಾಲಿನಲ್ಲಿ ಬೆಳೆಯುವ ರೋಗಾಣುವೂ ಆ ಭೇದವನ್ನು ಎಣಿಸುವುದಿಲ್ಲ.

ಮತ್ತೆ ಎಣ್ಣೂರಿಗೆ ಬರೋಣ. 1948ರಲ್ಲಿ ಹುಟ್ಟಿದ ಅಶೋಕ್ ಮೋಟಾರ್ಸ್ ಅಲ್ಲಿ ಕಾರು ಜೋಡಿಸತೊಡಗಿತು. 1955ರಲ್ಲಿ ಅದು ಅಶೋಕ್ ಲೇಲ್ಯಾಂಡ್ ಆಯಿತು. 1970ರ ಹೊತ್ತಿಗೆ ಉಷ್ಣವಿದ್ಯುತ್ ಸ್ಥಾವರವೂ ಬಂತು. ಅದೇ 1948ರ ಕಾರ್ಖಾನೆ ಕಾಯಿದೆ, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಗೃಹವಿರಬೇಕೆಂದು ವಿಧಿಸಿತ್ತು. 1976ರಲ್ಲಿ ಈ ಸಂಖ್ಯೆ ಮೂವತ್ತಕ್ಕೆ ಇಳಿಯಿತು. 1961ರ ಹೆರಿಗೆ ಸೌಲಭ್ಯ ಕಾಯಿದೆ, ಮಗುವಿಗೆ ಹದಿನೈದು ತಿಂಗಳು ತುಂಬುವವರೆಗೆ ದಿನಕ್ಕೆರಡು ಬಾರಿ ಹಾಲೂಡಿಸುವ ಬಿಡುವು ಕೊಟ್ಟಿತು. ಈ ಕಾಯಿದೆಗಳ ಹಿಂದೆ ಒಂದು ಚಿತ್ರವಿದೆ: ಕೂಸು ಗೋಡೆಯಾಚೆಯ ಕೋಣೆಯಲ್ಲೇ ಮಲಗಿದೆ, ತಾಯಿ ಎದ್ದು ಹೋಗಿ ಹಾಲೂಡಿಸಿ ಬರುತ್ತಾಳೆ. ಕೂಸು ಹತ್ತು ಮೈಲಿ ದೂರದ ಮನೆಯಲ್ಲಿದ್ದರೆ ಆ ಬಿಡುವಿನಲ್ಲಿ ಹಿಂಡಬಹುದೇ ಹೊರತು ಊಡಿಸಲಾಗದು. ಹಿನ್ನೀರಿನಲ್ಲಿ ಸಿಗಡಿ ಹಿಡಿಯುವವಳಿಗಂತೂ ಮಾಲೀಕನೂ ಇಲ್ಲ, ಶಿಶುಗೃಹವೂ ಇಲ್ಲ, ಬಿಡುವೂ ಇಲ್ಲ.

ತಮಿಳುನಾಡು ಸರ್ಕಾರ 2015ರ ಆಗಸ್ಟಿನಲ್ಲಿ ಬಸ್ ನಿಲ್ದಾಣಗಳಲ್ಲಿ ಹಾಲೂಡಿಸುವ ಕೋಣೆಗಳನ್ನು ತೆರೆಯಿತು. ಕೋಣೆಯೇನೋ ಸರಿ. ಹಿಂಡಿದ ಹಾಲನ್ನು ಇಡುವುದೆಲ್ಲಿ? 25 ಡಿಗ್ರಿವರೆಗಿನ ಉಷ್ಣತೆಯಲ್ಲಿ ಅದು ಸುಮಾರು ನಾಲ್ಕು ತಾಸು ಉಳಿಯುತ್ತದೆಂಬುದು ವೈದ್ಯರ ಲೆಕ್ಕ. ಮೇ ತಿಂಗಳ ಎಣ್ಣೂರಿನಲ್ಲಿ ನಡುರಾತ್ರಿಯಲ್ಲೂ ಅಷ್ಟು ತಂಪು ಸಿಗುವುದು ಅಪರೂಪ.

ದೂರ ದಾಟುವ ಹಾಲಿಗೆ ಇನ್ನೊಂದು ದಾರಿಯೂ ತೆರೆದಿದೆ. 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಎದೆಹಾಲಿನ ಬ್ಯಾಂಕನ್ನು ಕಟ್ಟಿದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಅಂಥದೇ ‘ಅಮೃತಧಾರೆ’ ಆರಂಭವಾಯಿತು. ದಾನವಾಗಿ ಬಂದ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ತಾಸು ಕಾಯಿಸಿ, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಕೊಡುತ್ತಾರೆ. ದಾನವಿದ್ದೆಡೆಗೆ ವ್ಯಾಪಾರವೂ ಬಂತು. 2024ರ ಮೇ ತಿಂಗಳಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎದೆಹಾಲಿನ ಮಾರಾಟ ಕಾನೂನುಬಾಹಿರವೆಂದು ಎಚ್ಚರಿಸಿತು. ಬೆನ್ನಲ್ಲೇ, ಎಣ್ಣೂರಿನಂತೆ ಉತ್ತರ ಚೆನ್ನೈಗೆ ಸೇರಿದ ಮಾಧವರಂನಲ್ಲಿ, ಪುಟ್ಟ ಸೀಸೆಗಳಲ್ಲಿ ಎದೆಹಾಲು ಮಾರುತ್ತಿದ್ದ ಅಂಗಡಿಯೊಂದಕ್ಕೆ ಅಧಿಕಾರಿಗಳು ಬೀಗಮುದ್ರೆ ಹಾಕಿದರು. ಮೀನಿನ ಬುಟ್ಟಿ ಹೊತ್ತವಳ ಎದೆಯಲ್ಲಿ ಹೆಪ್ಪುಗಟ್ಟುವ ಹಾಲಿಗೆ ಒಂದು ತಂಪು ಪೆಟ್ಟಿಗೆಯೂ ಒದಗದ ಊರಿನಲ್ಲಿ, ಯಾರದೋ ಹಾಲು ಬೆಲೆಯ ಚೀಟಿ ಅಂಟಿಸಿಕೊಂಡು ಅಂಗಡಿಯಲ್ಲಿ ಕುಳಿತಿತ್ತು.

ಒಳಲೆಯೇನೂ ಅಟ್ಟ ಸೇರಿಲ್ಲ. ಇಂದಿರಾ ನಾರಾಯಣನ್ ಮತ್ತು ಸಂಗಡಿಗರು ನವಜಾತ ಶಿಶುಗಳಿಗೆ ಸೀಸೆ, ಲೋಟ, ಪಾಲಾಡೈ ಮೂರರಿಂದಲೂ ಹಾಲು ಕುಡಿಸಿ ಹೋಲಿಸಿದ ಪರೀಕ್ಷೆಯೊಂದು 1999ರಲ್ಲಿ ಪ್ರಕಟವಾಯಿತು. ಪಾಲಾಡೈಯಿಂದ ಕುಡಿದ ಕೂಸುಗಳೇ ಕಡಿಮೆ ಹೊತ್ತಿನಲ್ಲಿ ಹೆಚ್ಚು ಹಾಲು ಕುಡಿದವು, ಹೆಚ್ಚು ಶಾಂತವಾಗಿಯೂ ಇದ್ದವು. ಇಂದು ನವಜಾತ ಶಿಶುಗಳ ತೀವ್ರನಿಗಾ ಘಟಕಗಳಲ್ಲಿ, ಮೊಲೆ ಚೀಪುವಷ್ಟು ಕಸುವಿಲ್ಲದ ಕೂಸಿನ ತುಟಿಗೆ ದಾದಿಯರು ತಾಗಿಸುವುದು ಅದೇ ಕೊಕ್ಕಿನ ಬಟ್ಟಲನ್ನು. ಈಗ ಅದು ಸ್ಟೀಲಿನದು.