ದತ್ತಸಂಚಯ ಕಡತದ ಸಿಂಧುತ್ವ ಪರಿಶೀಲನೆ

ದತ್ತಸಂಚಯ ಕಡತದ ಸಿಂಧುತ್ವ ಪರಿಶೀಲನೆ ಎಂದರೆ ಒಂದು ಡೆಸ್ಕ್‌ಟಾಪ್ ತಂತ್ರಾಂಶವು ತಾನು ತೆರೆಯಲಿರುವ ಡೇಟಾಬೇಸ್ ಕಡತವು ನಿಗದಿತ ಸ್ವರೂಪದಲ್ಲಿದೆಯೇ, ಹಾನಿಗೊಳಗಾಗಿಲ್ಲವೇ ಹಾಗೂ ತನ್ನ ಬಳಕೆಗೆ ಸೇರಿದ್ದೇ ಎಂಬುದನ್ನು ಖಚಿತಪಡಿಸಿಕೊಳ್ಳುವ ಕ್ರಮ. ಕಡತದ ಹೆಸರಿನ ಕೊನೆಯಲ್ಲಿರುವ ವಿಸ್ತರಣೆಯನ್ನು ಯಾರು ಬೇಕಾದರೂ ಬದಲಾಯಿಸಬಹುದಾದ್ದರಿಂದ ಅದೊಂದೇ ಸಾಕ್ಷಿಯಾಗಲಾರದು.

ಬಾಹ್ಯ ಪರಿಶೀಲನೆ

ಡೆಸ್ಕ್‌ಟಾಪ್ ತಂತ್ರಾಂಶಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಎಸ್‌ಕ್ಯೂಲೈಟ್ ವ್ಯವಸ್ಥೆಯನ್ನು ಡಿ. ರಿಚರ್ಡ್ ಹಿಪ್ ಅವರು 2000ದಲ್ಲಿ ರೂಪಿಸಿದರು. ಇದರ ಮೂರನೆಯ ಆವೃತ್ತಿಯ ಕಡತದಲ್ಲಿ ಮೊದಲ 100 ಬೈಟ್‌ಗಳು ಶಿರೋಭಾಗವಾಗಿದ್ದು, ಅವುಗಳಲ್ಲಿ ಮೊದಲ 16 ಬೈಟ್‌ಗಳು ಸ್ವರೂಪದ ಗುರುತನ್ನು ಹೊಂದಿರುತ್ತವೆ. ಪುಟದ ಗಾತ್ರವು 512ರಿಂದ 65,536 ಬೈಟ್‌ಗಳವರೆಗಿನ, ಎರಡರ ಘಾತವಾದ ಸಂಖ್ಯೆಯಾಗಿರಬೇಕು. ಕಡತವು ಯಾವ ತಂತ್ರಾಂಶಕ್ಕೆ ಸೇರಿದ್ದೆಂದು ಸೂಚಿಸುವ ಸಂಖ್ಯೆಗೂ ಶಿರೋಭಾಗದಲ್ಲಿ ಸ್ಥಳವಿದೆ. ಗೂಢಲಿಪೀಕರಿಸಿದ ಕಡತಗಳಲ್ಲಿ ಈ ಗುರುತು ಕಾಣದಿರಬಹುದು. ಆದುದರಿಂದ ಗುರುತಿಲ್ಲದ ಕಡತವೆಲ್ಲವೂ ಕೆಟ್ಟುಹೋಗಿದೆ ಎನ್ನಲಾಗದು.

ಆಂತರಿಕ ಪರಿಶೀಲನೆ

'ಇಂಟೆಗ್ರಿಟಿ ಚೆಕ್' ಆದೇಶವು ಪುಟಗಳ ರಚನೆ, ಸೂಚಿಗಳು ಹಾಗೂ ಕೋಷ್ಟಕದ ನಿರ್ಬಂಧಗಳನ್ನು ಪರೀಕ್ಷಿಸಿ, ದೋಷವಿಲ್ಲದಿದ್ದರೆ 'ಓಕೆ' ಎಂದು ಉತ್ತರಿಸುತ್ತದೆ. 'ಕ್ವಿಕ್ ಚೆಕ್' ಶೀಘ್ರವಾದುದು. ಆದರೆ ಸೂಚಿಗಳು ಕೋಷ್ಟಕದೊಂದಿಗೆ ಹೊಂದುತ್ತವೆಯೇ ಎಂದು ನೋಡುವುದಿಲ್ಲ. ಕೋಷ್ಟಕಗಳ ನಡುವಣ ಸಂಬಂಧಗಳನ್ನು ಪರೀಕ್ಷಿಸಲು 'ಫಾರಿನ್ ಕೀ ಚೆಕ್' ಎಂಬ ಪ್ರತ್ಯೇಕ ಆದೇಶವಿದೆ.

ಸಿಂಧುತ್ವದ ಮಿತಿ

ಕಡತ ಸರಿಯಾಗಿದ್ದ ಮಾತ್ರಕ್ಕೆ ಅದರೊಳಗಿನ ಮಾಹಿತಿ ಸತ್ಯವಾಗುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಶಾಸನಗಳ ಪಟ್ಟಿಯನ್ನು ಗಣಕಕ್ಕೆ ಅಳವಡಿಸುವುದು ಇದಕ್ಕೊಂದು ಉದಾಹರಣೆ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟವು (1904) ಸೊರಬ, ಸಾಗರ, ನಗರ ಮತ್ತು ತೀರ್ಥಹಳ್ಳಿ ತಾಲೂಕುಗಳ ಶಾಸನಗಳನ್ನು ಒಳಗೊಂಡಿದೆ. ಇಂದಿನ ತಾಲೂಕುಗಳ ಕೋಷ್ಟಕದಲ್ಲಿ 'ನಗರ'ದ ಬದಲು 'ಹೊಸನಗರ' ಇರುವುದರಿಂದ, ಹಳೆಯ ಹೆಸರನ್ನೇ ನಮೂದಿಸಿದ ದಾಖಲೆಯನ್ನು ಸಂಬಂಧಗಳ ಪರೀಕ್ಷೆ ಗುರುತಿಸಬಲ್ಲದು. ಆದರೆ ತೀರ್ಥಹಳ್ಳಿ ತಾಲೂಕಿನ ಕವಲೇದುರ್ಗವನ್ನು ಸಾಗರಕ್ಕೆ ಸೇರಿಸಿ ಬರೆದರೆ ಎಲ್ಲ ಪರೀಕ್ಷೆಗಳೂ 'ಸರಿ' ಎಂದೇ ಹೇಳುತ್ತವೆ. ಆ ತಪ್ಪನ್ನು ಮೂಲದೊಂದಿಗೆ ಹೋಲಿಸಿ ನೋಡುವ ಓದುಗನೇ ಕಂಡುಹಿಡಿಯಬೇಕು.

ಕನ್ನಡ ಪಠ್ಯದಲ್ಲಿ ಮತ್ತೊಂದು ತೊಡಕಿದೆ. ನುಡಿ ಮೊದಲಾದ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಬರೆದುದು, ಆ ಅಕ್ಷರಶೈಲಿಯಿಲ್ಲದೆಡೆ ರೋಮನ್ ಅಕ್ಷರಗಳ ಅರ್ಥಹೀನ ಸಾಲಾಗಿ ತೋರುತ್ತದೆ. ಕಡತವು ಸಿಂಧುವೇ ಆಗಿದ್ದರೂ, ಯೂನಿಕೋಡ್‌ಗೆ ಪರಿವರ್ತಿಸದ ಹೊರತು ಹುಡುಕಾಟ ಹಾಗೂ ಅಕಾರಾದಿ ಜೋಡಣೆ ಸಾಧ್ಯವಾಗುವುದಿಲ್ಲ.

ಮುನ್ನೆಚ್ಚರಿಕೆ

ದುರಸ್ತಿಗೆ ಮೊದಲು ತಂತ್ರಾಂಶವನ್ನು ಮುಚ್ಚಿ ಕಡತದ ಪ್ರತಿಯನ್ನು ತೆಗೆದಿಟ್ಟುಕೊಳ್ಳುವುದು ಅಗತ್ಯ. ಜೊತೆಯಲ್ಲಿರುವ 'ವಾಲ್' ಅಥವಾ 'ಜರ್ನಲ್' ಕಡತಗಳನ್ನು ಅಳಿಸಬಾರದು. ಇತ್ತೀಚಿನ ಬದಲಾವಣೆಗಳು 'ವಾಲ್' ಕಡತದಲ್ಲಿಯೇ ಉಳಿದಿರುವ ಸಂಭವವಿರುತ್ತದೆ.