ಮಲೆನಾಡಿನ ಗ್ರಾಮವೂ ಅದರ ಯೋಜನೆಯೂ: ರಿಪ್ಪನ್‌ಪೇಟೆಯ ಸುತ್ತಣ ಸೀಮೆಯನ್ನು ಕುರಿತು ಒಂದು ಐತಿಹಾಸಿಕ ವಿವೇಚನೆ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿಗೆ ಸೇರಿದ ರಿಪ್ಪನ್‌ಪೇಟೆಯು 1880ರಿಂದ 1884ರವರೆಗೆ ಭಾರತದ ವೈಸರಾಯಿಯಾಗಿದ್ದ ಲಾರ್ಡ್ ರಿಪ್ಪನ್‌ನ ಹೆಸರನ್ನು ಹೊತ್ತಿರುವ ಊರು. ಸಾಂತರರ ಪ್ರಾಚೀನ ರಾಜಧಾನಿಯಾದ ಹೊಂಬುಜವು ಇದಕ್ಕೆ ಹತ್ತಿರದಲ್ಲಿಯೇ ಇದೆ; ಕೆಳದಿಯ ಅರಸರ ಬಿದನೂರು, ಎಂದರೆ ಇಂದಿನ ನಗರವು, ಇದೇ ತಾಲ್ಲೂಕಿನಲ್ಲಿದೆ. ಇಷ್ಟು ಪುರಾತನವಾದ ಸೀಮೆಯ ನಡುವೆ ಒಬ್ಬ ಆಂಗ್ಲ ಅಧಿಕಾರಿಯ ಹೆಸರು ನಿಂತುಬಿಟ್ಟಿರುವುದು ಮೊದಲ ನೋಟಕ್ಕೆ ವಿಚಿತ್ರವಾಗಿ ಕಂಡೀತು. ಆದರೆ ನಾವು ಇಲ್ಲಿ ವಿವೇಚಿಸಲು ಹೊರಟಿರುವ ವಿಷಯಕ್ಕೆ ಆ ಹೆಸರು ಅಸಂಗತವೇನೂ ಅಲ್ಲ. 1882ರ ಮೇ 18ರಂದು ರಿಪ್ಪನ್ನನ ಸರ್ಕಾರವು ಹೊರಡಿಸಿದ ನಿರ್ಣಯವೇ ಭಾರತದಲ್ಲಿ ಆಧುನಿಕ ಸ್ಥಳೀಯ ಸ್ವಯಮಾಡಳಿತಕ್ಕೆ ತಳಹದಿಯೆಂದು ಇತಿಹಾಸಕಾರರು ಒಪ್ಪಿದ್ದಾರೆ. ಆಡಳಿತದ ದಕ್ಷತೆಗಿಂತ ಹೆಚ್ಚಾಗಿ ಜನರಿಗೆ ರಾಜಕೀಯ ಶಿಕ್ಷಣವನ್ನು ಕೊಡುವುದೇ ಅದರ ಉದ್ದೇಶವೆಂದು ಆ ನಿರ್ಣಯ ಸಾರಿತು. ಮೈಸೂರು ಸಂಸ್ಥಾನವು ಅದರ ನೇರ ವ್ಯಾಪ್ತಿಗೆ ಬರಲಿಲ್ಲ. ಆದರೂ ರಿಪ್ಪನ್ನನ ಕಾಲದಲ್ಲಿಯೇ, 1881ರ ಮಾರ್ಚಿಯಲ್ಲಿ, ರಾಜ್ಯವು ಒಡೆಯರ ವಂಶಕ್ಕೆ ಮರಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು.

ಗ್ರಾಮದ ನಾಳೆಯನ್ನು ಗ್ರಾಮದವರೇ ಯೋಚಿಸಿ ಗೊತ್ತುಮಾಡಬೇಕೆಂಬುದು ಇಂದು ಕಾನೂನಿನ ಮಾತಾಗಿದೆ. ‘ನಮ್ಮ ಗ್ರಾಮ ನಮ್ಮ ಯೋಜನೆ’ ಎಂಬ ಹೆಸರಿನಲ್ಲಿ ಪ್ರತಿಯೊಂದು ಗ್ರಾಮ ಪಂಚಾಯತಿಯೂ ತನ್ನ ಅಭಿವೃದ್ಧಿಯ ಯೋಜನೆಯನ್ನು ತಾನೇ ಸಿದ್ಧಪಡಿಸಬೇಕಾಗಿದೆ. ಇದು ಹೊಚ್ಚಹೊಸ ಕಲ್ಪನೆಯೆಂದು ಕೆಲವರೂ, ಪ್ರಾಚೀನ ಗ್ರಾಮ ಗಣರಾಜ್ಯದ ಪುನರುಜ್ಜೀವನವೆಂದು ಮತ್ತೆ ಕೆಲವರೂ ಹೇಳುತ್ತಾರೆ. ಈ ಎರಡು ಅಭಿಪ್ರಾಯಗಳೂ ಮಲೆನಾಡಿನ ಮಟ್ಟಿಗೆ ಸಮರ್ಪಕವಲ್ಲವೆಂದು ನಮ್ಮ ಎಣಿಕೆ. ಊರಿನವರು ಒಟ್ಟಾಗಿ ಕುಳಿತು ನಿರ್ಧರಿಸಿದ ನಿದರ್ಶನಗಳು ಇಲ್ಲಿ ಇವೆ. ಆದರೆ ‘ಊರಿನವರು’ ಎಂಬ ಮಾತಿನೊಳಗೆ ಯಾರು ಸೇರಿದ್ದರು ಎಂಬುದನ್ನು ವಿಚಾರಿಸದೆ ಆ ನಿದರ್ಶನಗಳನ್ನು ಕೊಂಡಾಡುವುದು ಇತಿಹಾಸವಾಗಲಾರದು.

ಮೊದಲು ಗ್ರಾಮದ ಸ್ವರೂಪವನ್ನೇ ನೋಡೋಣ. ಬಯಲುಸೀಮೆಯಲ್ಲಿ ಗ್ರಾಮವೆಂದರೆ ಮನೆಗಳು ಒತ್ತಾಗಿ ನಿಂತ ಊರು. ಅದರ ನಡುವೆ ಅರಳಿಕಟ್ಟೆ, ಸುತ್ತ ಹೊಲ. ಹೊಸನಗರ, ಸಾಗರ, ತೀರ್ಥಹಳ್ಳಿಗಳ ಕಡೆಯಲ್ಲಿ ಅಂಥ ಗ್ರಾಮ ಅಪೂರ್ವ. ಕಣಿವೆಯ ತಳದಲ್ಲಿ ಗದ್ದೆ, ಅದರ ಮೇಲಂಚಿನಲ್ಲಿ ಅಡಿಕೆಯ ತೋಟ, ತೋಟದ ಪಕ್ಕದಲ್ಲಿ ಒಂದೆರಡು ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ, ಅದರಾಚೆಗೆ ಕಾನು. ಹೀಗೆ ಹರಡಿಕೊಂಡ ಒಂಟಿಮನೆಗಳನ್ನು ಕಂದಾಯದ ಲೆಕ್ಕಕ್ಕಾಗಿ ಒಟ್ಟುಗೂಡಿಸಿ ಒಂದು ಗ್ರಾಮವೆಂದು ಕರೆದಿದ್ದಾರೆ. ನೆರೆಮನೆಯೆಂದರೆ ಒಂದು ಗುಡ್ಡದ ಆಚೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ನೆಂಟಸ್ತಿಕೆಯೂ ನಿಂತುಹೋಗುತ್ತಿತ್ತು. ಇಂಥಲ್ಲಿ ಸಭೆ ಕೂಡುವುದೇ ಒಂದು ಸಾಹಸ. ಗ್ರಾಮಯೋಜನೆಯನ್ನು ಕುರಿತು ರಾಜಧಾನಿಯಲ್ಲಿ ಕುಳಿತು ಬರೆಯುವವರು ಈ ಭೂಗೋಳವನ್ನು ಮರೆಯುವುದು ವಾಡಿಕೆಯಾಗಿದೆ. 1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮ ಪಂಚಾಯತಿಗೆ 5,000ದಿಂದ 7,000 ಜನಸಂಖ್ಯೆಯನ್ನು ಗೊತ್ತುಪಡಿಸಿದಾಗ ಶಿವಮೊಗ್ಗವೂ ಸೇರಿದಂತೆ ಮಲೆನಾಡಿನ ಜಿಲ್ಲೆಗಳಿಗೆ 2,500ಕ್ಕೆ ಇಳಿಸಿದ ರಿಯಾಯಿತಿಯನ್ನು ಕೊಟ್ಟಿತು. ಅಷ್ಟರಮಟ್ಟಿಗೆ ಈ ಭೇದವನ್ನು ಕಾನೂನು ಗುರುತಿಸಿದೆಯೆನ್ನಬೇಕು.

ಯೋಜನೆಗೆ ಮೊದಲು ಬೇಕಾದುದು ಲೆಕ್ಕ. ಈ ಸೀಮೆಯಲ್ಲಿ ಲೆಕ್ಕದ ಪರಂಪರೆಯು ಬಲು ಹಳೆಯದು. ಹದಿನೇಳನೆಯ ಶತಮಾನದ ನಡುವಿನಲ್ಲಿ ಆಳಿದ ಶಿವಪ್ಪನಾಯಕನ ‘ಶಿಸ್ತು’ ಪ್ರಸಿದ್ಧವಾಗಿದೆ. ಪ್ರತಿಯೊಂದು ಗ್ರಾಮದಲ್ಲಿಯೂ ಒಂದೊಂದು ಬಗೆಯ ಭೂಮಿಯನ್ನು ಐದು ವರ್ಷಗಳ ಕಾಲ ಸರ್ಕಾರದ ಪರವಾಗಿ ಸಾಗುವಳಿ ಮಾಡಿಸಿ, ಬಿತ್ತಿದ ಬೀಜಕ್ಕೂ ಬಂದ ಬೆಳೆಗೂ ಲೆಕ್ಕವಿಟ್ಟು, ಸರಾಸರಿಯ ಮೇಲೆ ಮೂರನೆಯ ಒಂದು ಭಾಗವನ್ನು ಅರಮನೆಯ ಪಾಲೆಂದು ನಿರ್ಧರಿಸಿದನೆಂಬುದು ಪರಂಪರೆಯಿಂದ ಬಂದ ವೃತ್ತಾಂತ. ಇದರಲ್ಲಿ ಶಾಸ್ತ್ರೀಯವಾದ ದೃಷ್ಟಿಯಿದೆ; ಸಂದೇಹವಿಲ್ಲ. ಆದರೆ ಗದ್ದೆಯ ಗುಣವನ್ನು ತಲೆಮಾರುಗಳಿಂದ ಬಲ್ಲವನು ಒಕ್ಕಲಿಗ. ಆ ಬಲ್ಲತನವನ್ನು ಕಡತಕ್ಕೆ ಏರಿಸಿಕೊಂಡದ್ದು ಅರಮನೆ. ಲೆಕ್ಕವು ಅರಸನ ಆದಾಯಕ್ಕಾಗಿ ಹುಟ್ಟಿತೇ ಹೊರತು ಊರಿನ ನಾಳೆಗಾಗಿ ಅಲ್ಲ.

ಊರಿನವರೇ ಕೂಡಿದ ಸಂದರ್ಭವನ್ನು ಹುಡುಕಹೊರಟರೆ ನಮಗೆ ದೊರೆಯುವುದು 1830ರ ನಗರದ ದಂಗೆಯ ಕಾಲದ ‘ಕೂಟ’ಗಳು. ಅಮಲ್ದಾರರು ಇಂತಿಷ್ಟು ಹಣವನ್ನು ಎತ್ತಿಕೊಡುವೆವೆಂದು ಒಪ್ಪಂದ ಬರೆದುಕೊಡುವ ಶರತ್ತಿನ ಪದ್ಧತಿಯಿಂದ ನೊಂದ ರೈತರು ಆನಂದಪುರದ ಸಮೀಪದ ಹೊಸಂತೆಯಲ್ಲಿ ನೆರೆದರು. ಗ್ರಾಮದಿಂದ ಗ್ರಾಮಕ್ಕೆ ಕರೆ ಹೋಯಿತು. ಕಂದಾಯವನ್ನು ಕೊಡಲಾಗದೆಂದು ಒಟ್ಟಾಗಿ ನಿಂತರು. ಹೊಸಂತೆಯು ರಿಪ್ಪನ್‌ಪೇಟೆಯಿಂದ ದೂರದ ಸ್ಥಳವಲ್ಲ. ದಂಗೆಯು ಬೂದಿಬಸಪ್ಪನಾಯಕನೆಂಬ ಹಕ್ಕುದಾರನ ಕೈಗೆ ಸಿಕ್ಕಿ ಬೇರೆ ಹಾದಿ ಹಿಡಿದುದೂ, 1831ರಲ್ಲಿ ಆಡಳಿತವು ಆಂಗ್ಲ ಕಮಿಷನರರ ವಶವಾದುದೂ ವಾಚಕರಿಗೆ ತಿಳಿದ ಸಂಗತಿ. ಆಸ್ಥಾನದ ಒಳಜಗಳಗಳನ್ನು ವರ್ಣಿಸುವ ಉತ್ಸಾಹದಲ್ಲಿ ನಮ್ಮ ಪಠ್ಯಪುಸ್ತಕಗಳು ಕೂಟದ ರಚನೆಯನ್ನು ಗಮನಿಸದೆ ಬಿಟ್ಟಿವೆ. ಚದರಿದ ಒಂಟಿಮನೆಗಳ ಈ ಸೀಮೆಯಲ್ಲಿಯೂ, ಅನಿವಾರ್ಯವಾದಾಗ, ನೂರಾರು ಗ್ರಾಮಗಳು ಒಂದಾಗಬಲ್ಲವೆಂಬುದು ಅದರಿಂದ ಸ್ಪಷ್ಟವಾಗುತ್ತದೆ. ಕೂಟವು ‘ಬೇಡ’ವೆನ್ನಲು ಕೂಡಿದ ಸಭೆ, ‘ಏನು ಬೇಕು’ ಎಂಬುದನ್ನು ಗೊತ್ತುಮಾಡುವ ಅವಕಾಶ ಅದಕ್ಕೆ ಸಿಗಲಿಲ್ಲ. ಮುಂದಾಳುಗಳು ಪಟೇಲರೂ ಗೌಡರೂ ಆಗಿದ್ದರೆಂಬುದನ್ನೂ ಮರೆಯುವಂತಿಲ್ಲ.

1893ರಲ್ಲಿ ತಾಲ್ಲೂಕಿನ ಮುಖ್ಯಸ್ಥಳವು ನಗರದಿಂದ ಕಲ್ಲೂರುಕಟ್ಟೆಗೆ ವರ್ಗವಾಯಿತು. ಆ ಕಲ್ಲೂರುಕಟ್ಟೆಯೇ ಇಂದಿನ ಹೊಸನಗರ. ಬಿದನೂರಿನ ವೈಭವ ಅಡಗಿ, ಚಳಿಜ್ವರದಿಂದ ಜನ ಕ್ಷೀಣಿಸಿ, ಒಕ್ಕಲಿಲ್ಲದ ಗದ್ದೆಗಳು ಹಾಳುಬಿದ್ದಿದ್ದ ಕಾಲ ಅದು. ಮಲೆನಾಡು ಬರಿದಾಗುತ್ತಿದೆಯೆಂಬ ಕಳವಳದಿಂದ 1914ರಲ್ಲಿ ದಿವಾನ್ ವಿಶ್ವೇಶ್ವರಯ್ಯನವರ ಸರ್ಕಾರವು ಮಲೆನಾಡು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಕುಡಿಯುವ ನೀರಿನ ಬಾವಿ, ಮನೆಯ ಸುತ್ತಣ ಪೊದೆಗಳ ನಿವಾರಣೆ, ವೈದ್ಯಸಹಾಯ, ರಸ್ತೆ ಮುಂತಾದುವು ಅದರ ಅಂಗಗಳು. ಅದೇ ಕಾಲದ ಗ್ರಾಮೋದ್ಧಾರ ಯೋಜನೆಯಲ್ಲಿ ಊರೂರಿಗೆ ಒಂದು ಸಮಿತಿ ಏರ್ಪಟ್ಟು, ಗ್ರಾಮಸ್ಥರು ವಾರಕ್ಕೆ ಅರ್ಧ ದಿನ ಸಾರ್ವಜನಿಕ ಕೆಲಸಕ್ಕೆ ಶ್ರಮ ಕೊಡಬೇಕೆಂಬ ಏರ್ಪಾಡಾಯಿತು. ಅರ್ಧ ದಿನದ ದುಡಿಮೆ ಯಾರದು? ಸ್ವಂತ ಹಿಡುವಳಿಯವನು ಅದನ್ನು ಊರಿಗೆ ಕೊಟ್ಟ ಕಾಣಿಕೆಯೆಂದು ಭಾವಿಸಬಹುದು. ಒಡೆಯರ ಮನೆಯ ಆಳಿಗೆ ಅದು ಬಿಟ್ಟಿಯೇ ಆಗಿ ತೋರಿದ್ದರೆ ಆಶ್ಚರ್ಯವಿಲ್ಲ. ಯೋಜನೆಯ ಸದುದ್ದೇಶವನ್ನು ನಾವು ಅಲ್ಲಗಳೆಯುವುದಿಲ್ಲ. ಸಮಿತಿಯಲ್ಲಿ ಕೂರುವವರೂ ಗುದ್ದಲಿ ಹಿಡಿಯುವವರೂ ಬೇರೆಬೇರೆಯಾಗಿದ್ದ ಸಮಾಜದಲ್ಲಿ ಅದು ನಡೆಯಬೇಕಾಗಿತ್ತೆಂಬುದೇ ಇಲ್ಲಿ ಮುಖ್ಯವಾದ ಮಾತು.

1918ರ ಮತ್ತು 1926ರ ಕಾಯಿದೆಗಳು ಗ್ರಾಮ ಪಂಚಾಯತಿಗಳಿಗೆ ಶಾಸನದ ಆಧಾರವನ್ನು ಒದಗಿಸಿದುವು. ಸ್ವಾತಂತ್ರ್ಯಾನಂತರ, 1952ರ ಅಕ್ಟೋಬರ್ 2ರಂದು ಭಾರತದಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಪ್ರಾರಂಭವಾದಾಗ ಮೈಸೂರು ರಾಜ್ಯದಲ್ಲಿ ಅದಕ್ಕೆ ಆರಿಸಲ್ಪಟ್ಟ ಕ್ಷೇತ್ರ ಇದೇ ಜಿಲ್ಲೆಯ ಸೊರಬ–ಶಿಕಾರಿಪುರ. ಗ್ರಾಮಸೇವಕರೂ ಶ್ರಮದಾನವೂ ಬಂದುವು. ಜನರ ಪಾಲ್ಗೊಳ್ಳುವಿಕೆ ಸಾಲದಾಯಿತೆಂದು 1957ರಲ್ಲಿ ಬಲವಂತರಾಯ್ ಮೆಹತಾ ಸಮಿತಿ ಹೇಳಿದುದು ಎಲ್ಲರಿಗೂ ಗೊತ್ತಿದೆ.

ಆದರೆ ಈ ಭಾಗದ ಜನರ ನಿಜವಾದ ಯೋಜನೆ ಯಾವುದಾಗಿತ್ತೆಂಬುದು ಆ ಕಾರ್ಯಕ್ರಮಕ್ಕೆ ಒಂದು ವರ್ಷ ಮೊದಲೇ ಬೇರೊಂದೆಡೆಯಲ್ಲಿ ಪ್ರಕಟವಾಗಿತ್ತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್ 18ರಂದು ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರದಿಂದ ಹುಟ್ಟಿದ ವಿವಾದವದು. ಒಡೆಯರು ದೊಡ್ಡ ಕೊಳಗದಿಂದ ಅಳೆಯುತ್ತಿದ್ದರು. ಸರಿಯಾದ ಅಳತೆ ಬೇಕೆಂದು ಕೇಳಿದ ಒಕ್ಕಲುಗಳು ಭೂಮಿಯನ್ನೇ ಕಳೆದುಕೊಳ್ಳುವ ಹಂತಕ್ಕೆ ಬಂದರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಬೆಂಬಲವಾಗಿ ನಿಂತುವು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಶಿವಪ್ಪನಾಯಕನ ಶಿಸ್ತಿನಲ್ಲಿ ಅಳೆದವನು ಅರಸ. ಕಾಗೋಡಿನ ಕಣದಲ್ಲಿ ಅಳೆದವನು ಒಡೆಯ. ಅಳತೆಯು ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಯನ್ನು ಉತ್ತವನೇ ಎತ್ತಿದುದು ಈ ಸೀಮೆಯ ಚರಿತ್ರೆಯಲ್ಲಿ ಹೊಸ ಸಂಗತಿ. ಬಾವಿ, ರಸ್ತೆ, ಚರಂಡಿಗಳ ಪಟ್ಟಿಯಲ್ಲಿ ಈ ಪ್ರಶ್ನೆಗೆ ಸ್ಥಳವಿರಲಿಲ್ಲ. ಮುಂದಿನ ವರ್ಷವೂ ಅದೇ ಗದ್ದೆಯನ್ನು ಉಳುವೆನೆಂಬ ಭರವಸೆಯಿಲ್ಲದವನು ಐದು ವರ್ಷದ ಯೋಜನೆಯಲ್ಲಿ ಏನನ್ನು ಬರೆಯಿಸಬಲ್ಲ? ಅಡಿಕೆಯ ಸಸಿಯು ಫಲ ಕೊಡಲು ಅಷ್ಟೇ ವರ್ಷಗಳಾದರೂ ಬೇಕು. ಗೇಣಿದಾರನು ಅದನ್ನು ಯಾವ ಧೈರ್ಯದಿಂದ ನೆಟ್ಟಾನು?

1952ರ ಗೇಣಿ ಶಾಸನ, 1961ರ ಭೂಸುಧಾರಣಾ ಶಾಸನಗಳ ಹಿಂದೆ ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪನವರ ಶ್ರಮವಿದೆ. ದೇವರಾಜ ಅರಸರ ಕಾಲದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಗೇಣಿ ಪದ್ಧತಿ ರದ್ದಾಗಿ, ಒಕ್ಕಲುಗಳು ಏಳನೆಯ ನಮೂನೆಯ ಅರ್ಜಿಯನ್ನು ಭೂ ನ್ಯಾಯಮಂಡಳಿಗೆ ಸಲ್ಲಿಸಿ ಒಡೆತನ ಪಡೆದರು. ಗ್ರಾಮಯೋಜನೆಯ ಇತಿಹಾಸವನ್ನು ಬರೆಯುವವರು ಈ ಅರ್ಜಿಯನ್ನು ಅದರ ಮೂಲಪತ್ರಗಳಲ್ಲೊಂದೆಂದು ಪರಿಗಣಿಸಬೇಕೆಂಬುದು ನಮ್ಮ ಅಭಿಪ್ರಾಯ. ಒಡೆಯರ ಮುಂದೆ ಜಗಲಿಯ ಕೆಳಗೆ ನಿಲ್ಲುತ್ತಿದ್ದವರ ಮಕ್ಕಳು ಪಂಚಾಯತಿಯ ಸಭೆಯಲ್ಲಿ ಕುರ್ಚಿಯ ಮೇಲೆ ಕುಳಿತುದು ಅದರ ತರುವಾಯವೇ.

ಇದೇ ಅವಧಿಯಲ್ಲಿ ಇನ್ನೊಂದು ಬಗೆಯ ಯೋಜನೆಯೂ ಈ ಭಾಗದ ಮೇಲೆ ಬಂದಿತು. ಶರಾವತಿಗೆ ಮೊದಲು ಹಿರೇಭಾಸ್ಕರದಲ್ಲಿಯೂ, ಬಳಿಕ ಲಿಂಗನಮಕ್ಕಿಯಲ್ಲಿಯೂ ಕಟ್ಟೆಗಳು ಎದ್ದುವು. 1964ರಲ್ಲಿ ಪೂರ್ಣವಾದ ಲಿಂಗನಮಕ್ಕಿಯ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಕಣಿವೆಯ ಗದ್ದೆತೋಟಗಳನ್ನು ಮುಳುಗಿಸಿತು. ಮುಂದೆ ಚಕ್ರಾ, ಸಾವೇಹಕ್ಲು, ವಾರಾಹಿಯ ಮಾಣಿ ಜಲಾಶಯಗಳೂ ಹೊಸನಗರ ತಾಲ್ಲೂಕಿನಲ್ಲಿಯೇ ನಿರ್ಮಾಣವಾದುವು. ನಾಡಿಗೆ ಬೆಳಕು ಬಂದಿತೆಂಬುದು ನಿಜ. ಮುಳುಗಡೆಯಾದವರನ್ನು ಲಾರಿಗಳಲ್ಲಿ ಸಾಗಿಸಿ ಜಿಲ್ಲೆಯ ಬೇರೆಬೇರೆ ಕಾಡುಗಳ ಅಂಚಿನಲ್ಲಿ ಇಳಿಸಲಾಯಿತು. ಕೊಟ್ಟ ಜಾಗದ ಬಹುಭಾಗ ಕಡತದಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಅಧಿನಿಯಮ ಬಂದ ಮೇಲೆ ಅದನ್ನು ಬಿಡಿಸಲು ಕೇಂದ್ರದ ಒಪ್ಪಿಗೆ ಬೇಕಾಯಿತು. ಮನೆ ಕಟ್ಟಿ, ಬಾವಿ ತೋಡಿ, ಮೂರನೆಯ ತಲೆಮಾರು ಬೆಳೆದರೂ ಹಕ್ಕುಪತ್ರಕ್ಕಾಗಿ ಅಲೆಯುವ ಕುಟುಂಬಗಳು ಇಂದಿಗೂ ಇವೆ. 2006ರ ಅರಣ್ಯಹಕ್ಕು ಕಾಯಿದೆಯು ಗ್ರಾಮಸಭೆಗೆ ಹಕ್ಕಿನ ಪರಿಶೀಲನೆಯ ಅಧಿಕಾರವನ್ನು ಕೊಟ್ಟಿತು. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದ ವನವಾಸಿಗಳು 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕೆಂಬ ನಿಬಂಧನೆಯು, ಸರ್ಕಾರವೇ 1960ರ ಸುಮಾರಿನಲ್ಲಿ ತಂದಿಳಿಸಿದವರಿಗೆ ಆ ಬಾಗಿಲನ್ನು ಮುಚ್ಚಿತು. ಇದಕ್ಕಿಂತ ಕಠೋರವಾದ ವಿಡಂಬನೆಯನ್ನು ಕಲ್ಪಿಸುವುದು ಕಷ್ಟ.

ಪಂಚಾಯತಿಗಳ ಕಡೆಗೆ ಮರಳೋಣ. ಅಬ್ದುಲ್ ನಜೀರ್ ಸಾಬರ ಪ್ರಯತ್ನದಿಂದ ರೂಪುಗೊಂಡ 1983ರ ಅಧಿನಿಯಮದಂತೆ 1987ರ ಜನವರಿಯಲ್ಲಿ ಚುನಾವಣೆಗಳು ನಡೆದು ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯತಿಗಳೂ ಅಸ್ತಿತ್ವಕ್ಕೆ ಬಂದುವು. ಹಣವೂ ಅಧಿಕಾರವೂ ಒಟ್ಟಿಗೆ ಕೆಳಗಿಳಿದುದು ಆಗಲೇ. ಮಹಿಳೆಯರಿಗೆ ನೂರಕ್ಕೆ 25ರಷ್ಟು ಸ್ಥಾನಗಳು ಮೀಸಲಾದುದೂ ಆಗಲೇ. ನೀರಿಗಾಗಿ ಕೊಳವೆಬಾವಿಗಳನ್ನು ತೋಡಿಸಿದ ಆ ಮಂತ್ರಿಯನ್ನು ಜನ ‘ನೀರ್ ಸಾಬ್’ ಎಂದು ಕರೆದರು. ಶಾಸನಗಳ ವಿಷಯದಲ್ಲಿ ಇಷ್ಟು ಪ್ರೀತಿಯ ಬಿರುದು ಅಪರೂಪವೇ ಸರಿ. ಸಂವಿಧಾನದ 73ನೆಯ ತಿದ್ದುಪಡಿಯ ಬಳಿಕ 1993ರ ಅಧಿನಿಯಮವೂ, 2015ರ ತಿದ್ದುಪಡಿಯಿಂದ ಅದಕ್ಕೆ ‘ಗ್ರಾಮ ಸ್ವರಾಜ್’ ಎಂಬ ಹೆಸರೂ ಬಂದುವು. ಜನವಸತಿ ಸಭೆ, ವಾರ್ಡುಸಭೆ, ಗ್ರಾಮಸಭೆಗಳೆಂಬ ಮೂರು ಮೆಟ್ಟಿಲುಗಳನ್ನು ಹತ್ತಿ ಬೇಡಿಕೆಯು ಯೋಜನೆಯಾಗಬೇಕೆಂಬುದು ಇಂದಿನ ಕ್ರಮ. ಗುಡ್ಡಕ್ಕೊಂದು ಮನೆಯಿರುವ ಸೀಮೆಗೆ ಮೊದಲ ಮೆಟ್ಟಿಲೇ ಅತ್ಯಂತ ಉಪಯುಕ್ತವಾದುದು. ಗ್ರಾಮಸಭೆಯು ದೂರದ ಕೇರಿಯವರಿಗೆ ಒಂದು ದಿನದ ಕೂಲಿಯ ನಷ್ಟ. ಜನವಸತಿ ಸಭೆಯಾದರೆ ಕೊಟ್ಟಿಗೆಯ ಕೆಲಸ ಮುಗಿಸಿ ಹೆಂಗಸರೂ ಬಂದು ಕೂರಬಲ್ಲರು.

ರಿಪ್ಪನ್‌ಪೇಟೆಯಂಥ ಊರಿಗೆ ಇನ್ನೊಂದು ತೊಡಕಿದೆ. ಅದು ಪೇಟೆಯೂ ಹೌದು, ಸುತ್ತಣ ಹಳ್ಳಿಗಳಿಗೆ ಸಂತೆಯೂ ಹೌದು. ಅಂಗಡಿಸಾಲಿನ ಚರಂಡಿ ಕಣ್ಣಿಗೆ ಬೀಳುತ್ತದೆ. ಕಾಡಂಚಿನ ಕೇರಿಯ ಕಾಲುಸಂಕ ಬೀಳುವುದಿಲ್ಲ. ಪಟ್ಟಿಯಲ್ಲಿ ಮೊದಲನೆಯದು ಮೇಲಕ್ಕೇರಿ ಎರಡನೆಯದು ಮುಂದಿನ ವರ್ಷಕ್ಕೆ ಹೋಗುವುದು ಯಾರ ದುರುದ್ದೇಶದಿಂದಲೂ ಆಗಬೇಕಾಗಿಲ್ಲ. ಸಭೆಯಲ್ಲಿ ಹತ್ತಿರದವರ ದನಿ ಹೆಚ್ಚಾಗಿರುವುದೇ ಸಾಕು. ಇನ್ನು ಭೂಮಿ, ಕಾಡು, ನೀರುಗಳನ್ನು ಕುರಿತ ದೊಡ್ಡ ನಿರ್ಣಯಗಳು ಪಂಚಾಯತಿಯ ಹೊರಗೇ ಆಗುತ್ತವೆ. ಮಾಧವ ಗಾಡ್ಗೀಳ್ ಅವರ ಅಧ್ಯಕ್ಷತೆಯ ಪಶ್ಚಿಮಘಟ್ಟ ಸಮಿತಿಯು 2011ರ ತನ್ನ ವರದಿಯಲ್ಲಿ ಗ್ರಾಮಸಭೆಗಳೊಡನೆ ಚರ್ಚಿಸಿಯೇ ಮುಂದುವರಿಯಬೇಕೆಂದು ಸೂಚಿಸಿತ್ತು. ತರುವಾಯದ ಕರಡು ಅಧಿಸೂಚನೆಗಳು ಗ್ರಾಮಗಳ ಪಟ್ಟಿಯ ರೂಪದಲ್ಲಿ ಮೇಲಿನಿಂದ ಇಳಿದುವು. ಕೇಳದೆ ಹೇಳಿದುದನ್ನು ಮಲೆನಾಡಿನ ಅನೇಕ ಗ್ರಾಮಗಳು ವಿರೋಧಿಸಿದುವು. ಇಲ್ಲಿಯೂ ಜನರಿಗೆ ಉಳಿದದ್ದು ಹೊಸಂತೆಯ ಕೂಟದಂತೆ ‘ಬೇಡ’ವೆನ್ನುವ ಅವಕಾಶವೊಂದೇ.

ಈ ವಿಷಯದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಶಾಸನಗಳ ಪಾಠವನ್ನಷ್ಟೇ ನೆಚ್ಚದೆ ಪಂಚಾಯತಿಗಳ ನಡವಳಿ ಪುಸ್ತಕಗಳನ್ನು ಪರಿಶೀಲಿಸಬೇಕೆಂದು ಸೂಚಿಸುತ್ತೇವೆ. ಮಂಡಲ ಪಂಚಾಯತಿಯ ಕಾಲದ ಠರಾವುಗಳನ್ನೂ 2015ರಿಂದ ಈಚಿನ ಯೋಜನಾ ಪುಸ್ತಕಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದುವಾಗ, ಯಾವ ಕೇರಿಯ ಹೆಸರು ಎಷ್ಟು ಸಲ ಬರುತ್ತದೆ, ಹಾಜರಿಯಲ್ಲಿ ರುಜು ಎಷ್ಟು, ಹೆಬ್ಬೆಟ್ಟು ಎಷ್ಟು, ಮುಳುಗಡೆಯಿಂದ ಬಂದವರ ವಸತಿಗಳು ಯಾವ ವರ್ಷದಿಂದ ಕಾಣಿಸಿಕೊಳ್ಳುತ್ತವೆ ಎಂಬುದನ್ನು ಎಣಿಸಬೇಕು. ಗೆದ್ದಲಿಗೂ ಮಳೆಯ ತೇವಕ್ಕೂ ಸಿಕ್ಕಿ ಈ ಪುಸ್ತಕಗಳು ಬೇಗ ನಾಶವಾಗುವ ಸೀಮೆ ಇದು. ಕೆಲಸವನ್ನು ಹಳೆಯ ಕಟ್ಟುಗಳಿಂದಲೇ ಪ್ರಾರಂಭಿಸುವುದು ಒಳ್ಳೆಯದು.