ಡಬ್ಬಿ ಹಾಲು: ಹಸುಗೂಸಿಗೆ ಮನೆಯಲ್ಲಿ ಕಲಸುವ ಕ್ರಮ

ತಾಯಿಯ ಹಾಲು ಸಿಗದಿದ್ದಾಗ, ಸಾಲದಿದ್ದಾಗ ಅಥವಾ ವೈದ್ಯರು ಬೇಡವೆಂದಾಗ ಒಂದು ವರ್ಷದೊಳಗಿನ ಮಗುವಿಗೆ ಬಿಸಿನೀರಿನಲ್ಲಿ ಕಲಸಿ ಕೊಡುವ ಪುಡಿ ಆಹಾರ. ಮಾತಿನಲ್ಲಿ ಡಬ್ಬಿ ಹಾಲು, ಪೌಡರ್ ಹಾಲು. ಕಾನೂನಿನ ಭಾಷೆಯಲ್ಲಿ ಶಿಶು ಹಾಲಿನ ಬದಲಿ. ಸಾಮಾನ್ಯವಾಗಿ ಹಸುವಿನ ಹಾಲಿನಿಂದ ತಯಾರಾಗುತ್ತದೆ. ಪ್ರೋಟೀನು ಮತ್ತು ಲವಣಗಳನ್ನು ತಗ್ಗಿಸಿ, ಸಸ್ಯಜನ್ಯ ಎಣ್ಣೆ, ಲ್ಯಾಕ್ಟೋಸ್, ಕಬ್ಬಿಣ, ಜೀವಸತ್ವಗಳನ್ನು ಸೇರಿಸಿ, ತಾಯಿಯ ಹಾಲಿನ ಪ್ರಮಾಣಕ್ಕೆ ಆದಷ್ಟು ಹತ್ತಿರ ತಂದಿರುತ್ತಾರೆ. ಸೋಂಕನ್ನು ತಡೆಯುವ ತಾಯಿಹಾಲಿನ ಅಂಶಗಳು ಇದರಲ್ಲಿ ಬರುವುದಿಲ್ಲ. ಹಾಗಾಗಿ ಮೊದಲ 6 ತಿಂಗಳು ತಾಯಿಯ ಹಾಲಷ್ಟೇ ಸಾಕು ಎಂಬ ವೈದ್ಯಕೀಯ ಸಲಹೆ ಹಾಗೆಯೇ ನಿಲ್ಲುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆ ವಯಸ್ಸಿನ ಶೇ 63.7ರಷ್ಟು ಮಕ್ಕಳು ಮಾತ್ರ ಬರೀ ತಾಯಿಹಾಲು ಕುಡಿಯುತ್ತಿದ್ದವು. ಉಳಿದವುಗಳ ಹೊಟ್ಟೆಗೆ ನೀರು, ಹಸುವಿನ ಹಾಲು, ಡಬ್ಬಿ ಹಾಲು ಹೀಗೆ ಏನಾದರೊಂದು ಹೋಗುತ್ತಿತ್ತು.

ಇಲ್ಲಿನ ವಿವರಣೆಗೆ ಬೆಂಗಳೂರಿನ ಹತ್ತಿರ ನೆಲಮಂಗಲ ಪಟ್ಟಣಕ್ಕೆ ಹೊಂದಿಕೊಂಡ ಅರಿಶಿನಕುಂಟೆಯಂಥ ಊರಿನ ಅಡುಗೆಮನೆಯನ್ನು ಆಧಾರವಾಗಿ ಇಟ್ಟುಕೊಳ್ಳಲಾಗಿದೆ. ತುಮಕೂರು ರಸ್ತೆಯುದ್ದಕ್ಕೂ ಗೋದಾಮುಗಳು, ಗಾರ್ಮೆಂಟ್ಸ್‌ಗಳು. ಕೆಲಸಕ್ಕೆ ಬಂದವರ ಬಾಡಿಗೆ ಮನೆಗಳು. ಕೊಳವೆಬಾವಿಯ ನೀರು, ಕುಡಿಯಲು 20 ಲೀಟರಿನ ಕ್ಯಾನು. ಡಬ್ಬಿಯ ಮೇಲಿನ ಸೂಚನೆ ಬರೆದವರ ಮನಸ್ಸಿನಲ್ಲಿ ಇಂಥ ಅಡುಗೆಮನೆ ಇದ್ದಂತೆ ಕಾಣುವುದಿಲ್ಲ.

ಇತಿಹಾಸ

ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟಸ್ ಫಾನ್ ಲೀಬಿಗ್ 1860ರ ದಶಕದಲ್ಲಿ ಶಿಶು ಆಹಾರವೊಂದನ್ನು ರೂಪಿಸಿದ. ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ 1867ರಲ್ಲಿ ಹಾಲು ಮತ್ತು ಗೋಧಿಯ ಪುಡಿಯನ್ನು ಮಾರಾಟಕ್ಕೆ ತಂದ. ಭಾರತಕ್ಕೆ ಗ್ಲ್ಯಾಕ್ಸೊದಂಥ ಡಬ್ಬಿಗಳು ಬ್ರಿಟಿಷರ ಕಾಲದಲ್ಲಿ ಹಡಗಿನಲ್ಲಿ ಬಂದವು; ಕೊಳ್ಳುವ ಶಕ್ತಿ ಇದ್ದದ್ದು ಪಟ್ಟಣದ ಕೆಲವೇ ಮನೆಗಳಿಗೆ. ಹಳ್ಳಿಗಳಲ್ಲಿ ಹಸುವಿನ ಹಾಲಿಗೆ ನೀರು ಬೆರೆಸಿ, ಚೂರು ಸಕ್ಕರೆ ಹಾಕಿ ಕಾಯಿಸಿ ಕುಡಿಸುವುದು ರೂಢಿ. ಈ ರೂಢಿಯ ಹಿಂದೆ ಲೆಕ್ಕ ಇಲ್ಲದಿಲ್ಲ: ನೀರು ಪ್ರೋಟೀನನ್ನು ತಗ್ಗಿಸುತ್ತದೆ, ಸಕ್ಕರೆ ಕಳೆದುಹೋದ ಶಕ್ತಿಯನ್ನು ಸ್ವಲ್ಪ ತುಂಬುತ್ತದೆ. ಕಬ್ಬಿಣ ಮತ್ತು ಜೀವಸತ್ವಗಳ ಕೊರತೆ ಮಾತ್ರ ಹಾಗೇ ಉಳಿಯುತ್ತಿತ್ತು.

ಕರ್ನಾಟಕದ ಪಾಲು ಇರುವುದು ಮುಂದಿನ ಅಧ್ಯಾಯದಲ್ಲಿ. ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರ ಅಕ್ಟೋಬರಿನಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಆರಂಭವಾಯಿತು. ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅದಕ್ಕೆ ಮುಂಚೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗದಲ್ಲಿದ್ದವರು. ದೇಶ ವಿದೇಶಿ ವಿನಿಮಯದ ಬಿಕ್ಕಟ್ಟಿನಲ್ಲಿದ್ದ ಆ ದಶಕದಲ್ಲಿ ಶಿಶು ಆಹಾರದ ಆಮದು ಹೊರೆಯಾಗಿತ್ತು. ಇಲ್ಲಿ ಹೇರಳವಾಗಿ ಸಿಗುತ್ತಿದ್ದದ್ದು ಎಮ್ಮೆ ಹಾಲು. ಅದರಿಂದ ಮಗುವಿನ ಪುಡಿ ಮಾಡಲಾಗದು ಎಂಬುದು ಹಾಲಿನ ಉದ್ಯಮದಲ್ಲಿ ಮುಂದಿದ್ದ ದೇಶಗಳ ಪರಿಣತರ ಅಭಿಪ್ರಾಯ.

ಅವರ ಅನುಮಾನಕ್ಕೆ ಕಾರಣವಿತ್ತು. ತಾಯಿಯ ಹಾಲಿನಲ್ಲಿ ಪ್ರೋಟೀನು ಶೇ 1ರ ಆಸುಪಾಸು. ಹಸುವಿನದರಲ್ಲಿ ಶೇ 3ಕ್ಕಿಂತ ಹೆಚ್ಚು. ಎಮ್ಮೆಯದರಲ್ಲಿ ಶೇ 4ನ್ನೂ ಮೀರುತ್ತದೆ. ಎಮ್ಮೆ ಹಾಲಿನ ಕೊಬ್ಬು ಶೇ 7ರಷ್ಟು. ಕೇಸೀನ್ ಮತ್ತು ಕ್ಯಾಲ್ಸಿಯಂ ಹೆಚ್ಚಿರುವುದರಿಂದ ಆ ಹಾಲು ಮಗುವಿನ ಹೊಟ್ಟೆಯಲ್ಲಿ ಗಟ್ಟಿಯಾಗಿ ಒಡೆದು ಗೆಡ್ಡೆಯಾಗುತ್ತದೆ, ಸುಲಭವಾಗಿ ಕರಗದು. ಕೊಬ್ಬನ್ನು ಮಿತಿಗೆ ತಂದು, ಗೆಡ್ಡೆ ಮೆದುವಾಗುವಂತೆ ಹಾಲನ್ನು ಸಂಸ್ಕರಿಸಿ, ಜೀವಸತ್ವ ಸೇರಿಸಿ ಒಣಗಿಸುವ ವಿಧಾನವನ್ನು ಮೈಸೂರಿನ ಪ್ರಯೋಗಾಲಯ 1950ರ ದಶಕದಲ್ಲಿ ಸಿದ್ಧಪಡಿಸಿತು. ಎಮ್ಮೆ ಹಾಲನ್ನು ಪುಡಿ ಮಾಡುವ ಕೆಲಸ ಗುಜರಾತಿನ ಆಣಂದದ ಸಹಕಾರಿ ಕಾರ್ಖಾನೆಯಲ್ಲಿ 1955ರಲ್ಲಿ ಎಚ್.ಎಂ. ದಲಾಯ ಅವರ ಕೈಯಲ್ಲಿ ಸಾಧ್ಯವಾಗಿತ್ತು. ಎರಡೂ ಕೂಡಿ ಅಮುಲ್ ಶಿಶು ಆಹಾರ ಮಾರುಕಟ್ಟೆಗೆ ಬಂತು.

ಪುಡಿಯಲ್ಲಿ ರೋಗಾಣು

ಮುಚ್ಚಳ ಒಡೆಯದ ಡಬ್ಬಿಯೊಳಗಿನ ಪುಡಿ ಪೂರ್ತಿ ರೋಗಾಣುಮುಕ್ತ ಎಂಬ ನಂಬಿಕೆ ವ್ಯಾಪಕ. ಅದು ತಪ್ಪು. ಒಣಪುಡಿಯಲ್ಲಿ ಕ್ರೋನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ಬಹುಕಾಲ ಬದುಕಿರಬಲ್ಲದು. ನವಜಾತ ಶಿಶುವಿನ ರಕ್ತಕ್ಕೆ, ಮಿದುಳುಪೊರೆಗೆ ಸೋಂಕು ತಗುಲಿದರೆ ಪ್ರಾಣಾಪಾಯ, ಪ್ರಕರಣಗಳು ಅಪರೂಪ. ಸಾಲ್ಮೊನೆಲ್ಲ ಇನ್ನೊಂದು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ–ಕೃಷಿ ಸಂಸ್ಥೆ ಕೂಡಿ ಪ್ರಕಟಿಸಿದ ಮಾರ್ಗದರ್ಶಿಯ ತಿರುಳು ಇಷ್ಟು: ಕುದಿಸಿದ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಮುನ್ನ ಪುಡಿ ಬೀಳಬೇಕು. ನೀರಿನಲ್ಲಿರುವುದನ್ನು ಕುದಿತ ಕೊಂದಿರುತ್ತದೆ, ಪುಡಿಯಲ್ಲಿರುವುದನ್ನು ಈ ಬಿಸಿ ಕೊಲ್ಲುತ್ತದೆ.

ನಮ್ಮಲ್ಲಿ ಸಿಗುವ ಹಲವು ಡಬ್ಬಿಗಳು ‘ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರು’ ಎನ್ನುತ್ತವೆ. ಬಿಸಿ ಹೆಚ್ಚಾದರೆ ಪುಡಿ ಗಂಟುಕಟ್ಟುತ್ತದೆ, ಕೆಲವು ಜೀವಸತ್ವ ಕುಂದುತ್ತದೆ, ಸೇರಿಸಿದ ಒಳ್ಳೆಯ ಬ್ಯಾಕ್ಟೀರಿಯ ಸಾಯುತ್ತದೆ ಎಂಬುದು ತಯಾರಕರ ವಾದ. ಅಮೆರಿಕದ ಆರೋಗ್ಯ ಇಲಾಖೆ ಬಿಸಿನೀರಿನ ವಿಧಾನವನ್ನು ಮುಖ್ಯವಾಗಿ 2 ತಿಂಗಳೊಳಗಿನ, ಅವಧಿಗೆ ಮುಂಚೆ ಹುಟ್ಟಿದ, ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳಿಗೆ ಹೇಳುತ್ತದೆ. ಈ ಮೂರು ಗುಂಪಿನ ಮಕ್ಕಳಿಗಂತೂ 70 ಡಿಗ್ರಿಯ ನಿಯಮ ಸಡಿಲಿಸಬಾರದೆಂಬುದು ಈ ಲೇಖಕರ ಅಭಿಪ್ರಾಯ. ಉಳಿದವರಿಗೆ ಮಕ್ಕಳ ವೈದ್ಯರ ಮಾತು ಅಂತಿಮ.

ನೀರು

ಬಹುತೇಕ ಡಬ್ಬಿಗಳಲ್ಲಿ 30 ಮಿಲಿ ನೀರಿಗೆ ಮಟ್ಟಸವಾದ ಒಂದು ಚಮಚ ಪುಡಿ. ಹಾಗೆಂದರೆ ಮಗು ಕುಡಿಯುವುದರಲ್ಲಿ ಎಂಟರಲ್ಲಿ ಏಳು ಪಾಲು ಮನೆಯ ನೀರೇ. ಪುಡಿಯ ಕಂಪನಿಯ ಬಗ್ಗೆ ಹತ್ತು ಜನರನ್ನು ವಿಚಾರಿಸುವ ಮನೆಯವರು ನೀರಿನ ಬಗ್ಗೆ ಒಬ್ಬರನ್ನೂ ಕೇಳುವುದಿಲ್ಲ.

ನೆಲಮಂಗಲ ಸೀಮೆಯ ತಳದಲ್ಲಿರುವುದು ಗಟ್ಟಿ ನೈಸ್ ಮತ್ತು ಗ್ರಾನೈಟ್ ಶಿಲೆ. ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ. ಒಂದು ಬೋರಿನ ನೀರಿಗೂ ನೂರು ಮಾರು ಆಚೆಯ ಬೋರಿನ ನೀರಿಗೂ ಹೋಲಿಕೆ ಇರಬೇಕೆಂದಿಲ್ಲ. ಗಡಸು ನೀರಿನ ಗುರುತು ಕಣ್ಣಿಗೆ ಕಾಣುತ್ತದೆ: ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಅದು ಅಷ್ಟೇನೂ ಕೆಡುಕಲ್ಲ. ಕಾಣದೆ ಇರುವುದು ನೈಟ್ರೇಟ್. ಶೌಚದ ಗುಂಡಿ, ತಿಪ್ಪೆ, ಹೊಲಕ್ಕೆ ಹಾಕಿದ ಯೂರಿಯಾ ಇವುಗಳಿಂದ ಇಳಿದು ಬಿರುಕಿನ ನೀರಿಗೆ ಸೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಒಳಚರಂಡಿ ಬರುವ ಮುಂಚೆಯೇ ಮನೆಗಳು ಒತ್ತಾಗಿ ಎದ್ದ ಕಡೆ ಅನುಮಾನ ಹೆಚ್ಚಿರಬೇಕು.

ನೈಟ್ರೇಟ್ ಮಗುವಿನ ದೇಹದಲ್ಲಿ ನೈಟ್ರೈಟ್ ಆಗಿ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಒಯ್ಯದಂತೆ ಮಾಡುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ಅಮೆರಿಕದ ಅಯೋವಾದಲ್ಲಿ ವೈದ್ಯ ಹಂಟರ್ ಕಾಮ್ಲಿ 1945ರಲ್ಲಿ ಇದನ್ನು ಮೊದಲು ವರದಿ ಮಾಡಿದಾಗ ಆ ಮಕ್ಕಳೆಲ್ಲ ಬಾವಿ ನೀರಿನಲ್ಲಿ ಕಲಸಿದ ಹಾಲು ಕುಡಿದವರು. ಮೊದಲ ತಿಂಗಳುಗಳಲ್ಲಿ ಜಠರದ ಆಮ್ಲ ಕಡಿಮೆ, ಕೆಟ್ಟ ಹಿಮೋಗ್ಲೋಬಿನನ್ನು ಸರಿಪಡಿಸುವ ಕಿಣ್ವವೂ ಕಡಿಮೆ. ಆದ್ದರಿಂದ ದೊಡ್ಡವರಿಗೆ ಏನೂ ಆಗದ ನೀರು ಕೂಸಿಗೆ ಆಗದು. ಭಾರತೀಯ ಮಾನಕ 10500 ಕುಡಿಯುವ ನೀರಿಗೆ ಹಾಕಿದ ಮಿತಿ ಲೀಟರಿಗೆ 45 ಮಿಗ್ರಾಂ.

ಇಲ್ಲಿಯೇ ಅಜ್ಜಿಯರ ಎಚ್ಚರಿಕೆ ತಿರುಗುಬಾಣವಾಗುವುದು. ಮಗುವಿಗೆಂದು ನೀರನ್ನು ಕೊತಕೊತ ಕುದಿಸಿ, ಮೂರರಲ್ಲಿ ಒಂದು ಪಾಲು ಇಂಗಿಸಿ, ಉಳಿದದ್ದು ‘ಪಕ್ವ’ವಾದ ನೀರೆಂದು ತಿಳಿಯುತ್ತಾರೆ. ಲೀಟರಿಗೆ 40 ಮಿಗ್ರಾಂ ನೈಟ್ರೇಟ್ ಇದ್ದ ನೀರು ಹಾಗೆ ಇಂಗಿದರೆ 60 ಆಗುತ್ತದೆ: ಮಿತಿಯೊಳಗಿದ್ದದ್ದು ಮಿತಿ ದಾಟಿತು. ಫ್ಲೋರೈಡಿಗೂ ಇದೇ ಲೆಕ್ಕ. ರೋಗಾಣು ಸಾಯಲು ನೀರು ಭರ್ತಿ ಕುದಿ ಬಂದು ಒಂದೆರಡು ನಿಮಿಷ ಕಳೆದರೆ ಸಾಕು, ತಟ್ಟೆ ಮುಚ್ಚಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಸೀಮೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಅದರಿಂದ ಯಾವ ನಷ್ಟವೂ ಇಲ್ಲ.

ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದ ಆರ್‌ಒ ನೀರಿನಲ್ಲಿ ನೈಟ್ರೇಟ್, ಫ್ಲೋರೈಡ್, ಗಡಸುತನ ಬಹುಮಟ್ಟಿಗೆ ಇಳಿದಿರುತ್ತವೆ, ಪೊರೆಯನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದರೆ. ಆದರೆ ಕ್ಯಾನಿನ ಒಳಗೋಡೆಯ ಲೋಳೆ, ನಲ್ಲಿಯ ಬಾಯಿ, ಕ್ಯಾನಿಗೆ ಅದ್ದುವ ಚೊಂಬು ಇವುಗಳಿಂದ ರೋಗಾಣು ಮತ್ತೆ ಸೇರುತ್ತದೆ. ಕುದಿತದ ಕೆಲಸವನ್ನು ಆರ್‌ಒ ಮಾಡದು, ಆರ್‌ಒ ಕೆಲಸವನ್ನು ಕುದಿತ ಮಾಡದು. ಘಟಕದ ನೀರನ್ನೂ ಕುದಿಸಲೇಬೇಕು. ಬೋರಿನ ನೀರನ್ನೇ ಬಳಸುವವರು ಒಮ್ಮೆಯಾದರೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳಬೇಕು. ಜಲಜೀವನ ಯೋಜನೆಯಡಿ ಹಳ್ಳಿಗಳಿಗೆ ಕೊಟ್ಟ ಪರೀಕ್ಷಾ ಕಿಟ್‌ನಲ್ಲೂ ನೈಟ್ರೇಟ್ ನೋಡಬಹುದು.

ಕಲಸುವ ಬಗೆ

ಕೈಯನ್ನು ಸೋಪಿನಲ್ಲಿ ತೊಳೆದು, ಪಾತ್ರೆಗಳನ್ನು ಬ್ರಷ್ ಹಾಕಿ ಉಜ್ಜಿ, ಪೂರ್ತಿ ಮುಳುಗುವಷ್ಟು ನೀರಿನಲ್ಲಿ 5ರಿಂದ 10 ನಿಮಿಷ ಕುದಿಸಬೇಕು. ಬಾಟಲಿಯೊಳಗೆ ಗಾಳಿಗುಳ್ಳೆ ಉಳಿದರೆ ಅಷ್ಟು ಜಾಗಕ್ಕೆ ನೀರು ತಾಗದು. ಕುಡಿಯುವ ನೀರನ್ನು ಬೇರೆ ಪಾತ್ರೆಯಲ್ಲಿ ಒಂದು ಲೀಟರಿನಷ್ಟು ಕುದಿಸಿ ಇಳಿಸಿದರೆ ಅರ್ಧ ಗಂಟೆ 70 ಡಿಗ್ರಿಯ ಮೇಲಿರುತ್ತದೆ. ಲೋಟದಷ್ಟು ಕುದಿಸಿದರೆ ಅಷ್ಟು ಹೊತ್ತು ತಾಳದು.

ಮೊದಲು ನೀರು ಅಳೆಯಬೇಕು, ಆಮೇಲೆ ಪುಡಿ. ಚಮಚವನ್ನು ಒತ್ತಿ ತುಂಬದೆ, ಒಣ ಚಾಕುವಿನ ಬೆನ್ನಿನಿಂದ ಮಟ್ಟ ಮಾಡಬೇಕು. ಒಂದು ಡಬ್ಬಿಯ ಚಮಚ ಇನ್ನೊಂದಕ್ಕೆ ಹೊಂದದು. ಮಗು ದಪ್ಪಗಾಗಲೆಂದು ಅರ್ಧ ಚಮಚ ಹೆಚ್ಚು ಹಾಕಿದರೆ ಲವಣ ಏರಿ, ಮೂತ್ರಪಿಂಡಕ್ಕೆ ಹೊರೆಯಾಗಿ, ದೇಹ ಒಣಗುತ್ತದೆ. ತಿಂಗಳ ಕೊನೆಗೆ ಡಬ್ಬಿ ಎಳೆದಾಡಿ ತೆಳುವಾಗಿ ಕಲಸುವುದು ನಮ್ಮಲ್ಲಿ ಇನ್ನೂ ಸಾಮಾನ್ಯ. ಅಂಥ ಹಾಲಿನಿಂದ ಮಗು ಸೊರಗುತ್ತದೆ. ತೀರಾ ತೆಳುವಾದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಕಲಸಿದ ಹಾಲನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ತಿರುಗಿಸಿ ಆರಿಸಬೇಕು, ಮುಂಗೈ ಮೇಲೆ ಒಂದು ತೊಟ್ಟು ಬಿಟ್ಟು ನೋಡಿ ಕುಡಿಸಬೇಕು. ಕಲಸಿದ್ದು 2 ಗಂಟೆಯೊಳಗೆ ಮುಗಿಯಬೇಕು. ಬಾಯಿಟ್ಟು ಮಿಗಿಸಿದ್ದನ್ನು ಚೆಲ್ಲುವುದೇ, ಮತ್ತೆ ಬಿಸಿ ಮಾಡುವ ಮಾತಿಲ್ಲ. ಬಾಯಿಡದ ಹಾಲನ್ನು 5 ಡಿಗ್ರಿಯೊಳಗಿನ ಫ್ರಿಜ್ಜಿನಲ್ಲಿ 24 ಗಂಟೆ ಇಡಬಹುದೆಂಬ ನಿಯಮವಿದೆ. ದಿನಕ್ಕೆರಡು ಸಲ ಕರೆಂಟು ಹೋಗುವ ಕಡೆ ಆ ನಿಯಮವನ್ನು ನಂಬದಿರುವುದು ಮೇಲು.

ನಡುರಾತ್ರಿ ಅಳುವ ಮಗುವಿನ ಮುಂದೆ ಇಷ್ಟೆಲ್ಲ ಮಾಡಲಾಗದು ಎಂಬ ದೂರು ನ್ಯಾಯವಾದದ್ದೇ. ಉಪಾಯ ಸ್ಟೀಲ್ ಫ್ಲಾಸ್ಕ್. ಮೊದಲು ಕುದಿನೀರಿನಿಂದ ಒಳಗೆ ಗಲಬರಿಸಿ, ಆಮೇಲೆ ಕುದಿಯುವ ನೀರನ್ನು ಕಂಠದ ತನಕ ತುಂಬಿ ಬಿರಡೆ ಬಿಗಿದರೆ ಹಲವು ಗಂಟೆ 70 ಡಿಗ್ರಿ ಉಳಿಯುತ್ತದೆ. ಅರ್ಧ ತುಂಬಿದ್ದು ಬೇಗ ಆರುತ್ತದೆ. ಒಂದು ರಾತ್ರಿ ಥರ್ಮಾಮೀಟರ್ ಇಟ್ಟು ಪರೀಕ್ಷಿಸಿದರೆ ಆ ಫ್ಲಾಸ್ಕಿನ ತಾಕತ್ತು ತಿಳಿಯುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು. ಒಣಗಿದ ಪುಟ್ಟ ಡಬ್ಬಿಗಳಲ್ಲಿ ಒಂದೊಂದು ಸಲಕ್ಕೆ ಬೇಕಾದ ಪುಡಿ ಅಳೆದಿಟ್ಟಿದ್ದರೆ ನಿದ್ದೆಗಣ್ಣಿನಲ್ಲಿ ಎಣಿಕೆ ತಪ್ಪುವುದಿಲ್ಲ. ಸ್ಟೀಲ್ ಲೋಟದಲ್ಲಿ ಕಲಸಿದ್ದು ಪ್ಲಾಸ್ಟಿಕ್ ಬಾಟಲಿಯದಕ್ಕಿಂತ ಬೇಗ ಆರುತ್ತದೆ.

ಕುಡಿಸುವ ಪಾತ್ರೆ

ಬಾಣಂತಿಯ ತವರಿನಿಂದ ಬರುವ ಬೆಳ್ಳಿಯ ಒಳಲೆ, ಮೂತಿಯುಳ್ಳ ತೆರೆದ ಪುಟ್ಟ ಬಟ್ಟಲು, ಬಾಟಲಿಗಿಂತ ಸುರಕ್ಷಿತ. ಮೊಲೆತೊಟ್ಟಿನ ರಬ್ಬರು, ತಿರುಪಿನ ಸಂದು, ಒಣಹಾಲು ಅಡಗುವ ಮೂಲೆ ಯಾವುದೂ ಇಲ್ಲ. ಬೆರಳಿಗೆ ಸಿಕ್ಕದ ಜಾಗವೇ ಇಲ್ಲ. ಸರ್ಕಾರಿ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಇಂದಿಗೂ ಇದರ ಸ್ಟೀಲಿನ ರೂಪವನ್ನೇ ಬಳಸುತ್ತಾರೆ. ಮಗುವನ್ನು ತಲೆ ಎತ್ತಿ ಹಿಡಿದು, ಕೆನ್ನೆಯ ಕಡೆಯಿಂದ ಸ್ವಲ್ಪಸ್ವಲ್ಪವೇ ಬಿಡಬೇಕು. ಮಲಗಿಸಿ ಗಂಟಲಿಗೆ ಸುರಿದರೆ ಉಸಿರಿಗೆ ಸಿಕ್ಕುತ್ತದೆ.

ಕಾನೂನು ಮತ್ತು ಪರ್ಯಾಯ

1992ರ ಶಿಶು ಹಾಲಿನ ಬದಲಿಗಳ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿ 2 ವರ್ಷದೊಳಗಿನ ಮಕ್ಕಳ ಆಹಾರ ಮತ್ತು ಬಾಟಲಿಗಳ ಜಾಹೀರಾತನ್ನು ನಿಷೇಧಿಸಿವೆ. ಉಚಿತ ಸ್ಯಾಂಪಲ್ ಹಂಚುವಂತಿಲ್ಲ, ಡಬ್ಬಿಯ ಮೇಲೆ ಮಗುವಿನ ಚಿತ್ರ ಇರುವಂತಿಲ್ಲ. ಕೆಲಸಕ್ಕೆ ಹೋಗುವ ತಾಯಂದಿರಿಗೆ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ 26 ವಾರಗಳ ರಜೆ ಕೊಟ್ಟಿತು, 50 ಜನರಿಗಿಂತ ಕಡಿಮೆ ಇಲ್ಲದ ಕೆಲಸದ ಜಾಗದಲ್ಲಿ ಶಿಶುಪಾಲನಾ ಕೇಂದ್ರ ಕೇಳಿತು. ಮನೆಗೆಲಸದವರಿಗೆ, ದಿನಗೂಲಿಯವರಿಗೆ ಇದರ ನೆರಳು ಬೀಳುವುದು ಕಡಿಮೆ. ಇನ್ನು ಪರ್ಯಾಯದ ಮಾತು: ಪ್ಯಾಕೆಟ್ ಹಾಲು, ನೀಲಿಯಾಗಲಿ ಹಸಿರಾಗಲಿ, ವರ್ಷ ತುಂಬುವ ತನಕ ಮಗುವಿನ ಮುಖ್ಯ ಹಾಲಾಗಬಾರದು. ಹಿಂಡಿ ತೆಗೆದ ತಾಯಿಹಾಲು ಸಾಧಾರಣ ಉಷ್ಣತೆಯಲ್ಲಿ ಸುಮಾರು 4 ಗಂಟೆ ಇರುತ್ತದೆ. ದಾನದ ಹಾಲಿಗೆ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ತಾಯಿಹಾಲಿನ ಬ್ಯಾಂಕ್ ತೆರೆದಿದೆ. ಇಂಥ ಬ್ಯಾಂಕುಗಳಲ್ಲಿ ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆ ಇರುವ ಶಿಶುಗಳಿಗೆ ಮೊದಲ ಪಾಳಿ. ಮನೆಯಲ್ಲಿರುವ ಆರೋಗ್ಯವಂತ ಮಗುವಿಗೆ ಅಲ್ಲಿಂದ ಹಾಲು ಸಿಗುವ ಸಂಭವ ಕಡಿಮೆ.